ಅಡುಗೆಮನೆ ಸರಣಿ, ಭಾಗ 4: ಹೆಜ್ಜೆ ಎಣಿಸಿದ ಕ್ರಿಸ್ಟೀನ್ ಫ್ರೆಡ್ರಿಕ್

ಪಾತ್ರೆ ತೊಳೆಯೋಕೆ ಕೈ ಎಷ್ಟು ಸಲ ಆಡಬೇಕು? ಇದನ್ನ ಸೀರಿಯಸ್ಸಾಗಿ ಲೆಕ್ಕ ಹಾಕಿದವರು ಅಮೆರಿಕದ ಕ್ರಿಸ್ಟೀನ್ ಫ್ರೆಡ್ರಿಕ್ (1883–1970). ಬರೀ ತೊಳೆಯೋದ್ರಲ್ಲೇ ತಾನು 80 ತಪ್ಪು ಚಲನೆ ಮಾಡ್ತಿದ್ದೆ ಅಂತ ಆಕೆ ಬರೆದಿದ್ದಾರೆ. ಒರೆಸಿ, ಜೋಡಿಸಿ ಇಡೋದು ಬೇರೆ!

ಆಗ ಕಾರ್ಖಾನೆಗಳಲ್ಲಿ ಫ್ರೆಡ್ರಿಕ್ ಟೇಲರ್ ಅವರ 'ವೈಜ್ಞಾನಿಕ ನಿರ್ವಹಣೆ'ಯ ಹವಾ. ಒಂದು ಇಟ್ಟಿಗೆ ಇಡೋಕೆ 18 ಚಲನೆ ಬೇಡ, 5 ಸಾಕು ಅಂತ ಫ್ರಾಂಕ್ ಗಿಲ್ಬ್ರೆತ್ ತೋರಿಸಿದ್ರು. ಇಟ್ಟಿಗೆಗೆ ಆಗೋದು ತಟ್ಟೆಗೆ ಯಾಕಾಗಲ್ಲ ಅನ್ನೋದು ಕ್ರಿಸ್ಟೀನ್ ಪ್ರಶ್ನೆ. 1912ರಲ್ಲಿ 'ಲೇಡೀಸ್ ಹೋಮ್ ಜರ್ನಲ್' ಪತ್ರಿಕೆಯಲ್ಲಿ ಲೇಖನಮಾಲೆ ಬಂತು, 1913ರಲ್ಲಿ 'ದಿ ನ್ಯೂ ಹೌಸ್‌ಕೀಪಿಂಗ್' ಪುಸ್ತಕ.

ಆಕೆಯ ಎರಡು ನಕ್ಷೆಗಳು ತುಂಬಾ ಫೇಮಸ್. ಒಂದರಲ್ಲಿ ಒಲೆ, ಸಿಂಕ್, ಮೇಜು, ಕಪಾಟು ಎಲ್ಲೆಂದರಲ್ಲಿ. ಓಡಾಟದ ಗೆರೆಗಳು ಸಿಕ್ಕುಸಿಕ್ಕು. ಇನ್ನೊಂದರಲ್ಲಿ ಅವೇ ಸಾಮಾನು, ಆದ್ರೆ ಕೆಲಸದ ಕ್ರಮಕ್ಕೆ ತಕ್ಕ ಹಾಗೆ ಜೋಡಿಸಿದ್ದು. ಗೆರೆ ಸಲೀಸಾಗಿ ಸಾಗುತ್ತೆ. ಸಿಂಕ್, ಮೇಜಿನ ಎತ್ತರ ಕೆಲಸ ಮಾಡುವವರ ಎತ್ತರಕ್ಕೆ ಹೊಂದಬೇಕು ಅಂತಲೂ ಆಕೆ ಹೇಳಿದ್ರು. ನನ್ನ ಪ್ರಕಾರ ಇದು ದೊಡ್ಡ ಮಾತು. ಬೆನ್ನುನೋವನ್ನ 'ಹೆಂಗಸರ ಹಣೆಬರಹ' ಅಂತ ಬಿಡದೆ, ತಪ್ಪು ಕಟ್ಟೆಯದ್ದು ಅಂದ ಹಾಗಾಯ್ತಲ್ವಾ?

ಆದ್ರೆ ಆ ನಕ್ಷೆಗಳನ್ನ ಮತ್ತೊಮ್ಮೆ ನೋಡಿ. ಎರಡರಲ್ಲೂ ನಡೆಯೋದು ಒಬ್ಬಳೇ. ಗಂಡನ ಗೆರೆ ಇಲ್ಲ, ಮಕ್ಕಳ ಗೆರೆ ಇಲ್ಲ. ಟೇಲರ್ ಪದ್ಧತಿಯಲ್ಲಿ ಪ್ಲಾನ್ ಮಾಡೋರು ಬೇರೆ, ಕೆಲಸ ಮಾಡೋರು ಬೇರೆ. ಮನೆಯಲ್ಲಿ ಎರಡೂ ಅವಳ ತಲೆಗೇ ಬಂತು: ಮ್ಯಾನೇಜರೂ ಅವಳೇ, ಕೂಲಿಯೂ ಅವಳೇ. ಸಂಬಳ ಮಾತ್ರ ಇಲ್ಲ.

ಇದೇ ಯೋಚನೆ ಜರ್ಮನಿಗೂ ಹೋಯ್ತು. ಕ್ರಿಸ್ಟೀನ್ ಪುಸ್ತಕದ ಜರ್ಮನ್ ಅನುವಾದ 1922ರಲ್ಲಿ ಬಂತು. 1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ 'ಫ್ರಾಂಕ್‌ಫರ್ಟ್ ಅಡುಗೆಮನೆ' ರೂಪಿಸಿದ್ರು. ಅಗಲ ಸುಮಾರು 1.9 ಮೀಟರ್, ಉದ್ದ 3.4. ಎಲ್ಲ ಕೈಗೆಟಕುತ್ತೆ, ನಿಜ. ಆದ್ರೆ ಅಷ್ಟು ಜಾಗದಲ್ಲಿ ಇಬ್ಬರು ಸೇರಿ ಕೆಲಸ ಮಾಡೋದೇ ಕಷ್ಟ. ಅಡುಗೆ ಒಬ್ಬರದ್ದೇ ಕೆಲಸ ಅನ್ನೋದು ಗೋಡೆಯಲ್ಲೇ ಕಟ್ಟಿಬಿಟ್ಟಂತಾಯ್ತು.

ಕ್ರಿಸ್ಟೀನ್ ದಾರಿಯೂ ಆಮೇಲೆ ಬದಲಾಯ್ತು. 1929ರ 'ಸೆಲ್ಲಿಂಗ್ ಮಿಸೆಸ್ ಕನ್ಸ್ಯೂಮರ್' ಪುಸ್ತಕದಲ್ಲಿ ಆಕೆ ಮಾತಾಡಿದ್ದು ಕಂಪನಿಗಳ ಜೊತೆ: ಗೃಹಿಣಿಗೆ ಮಾಲು ಮಾರೋದು ಹೇಗೆ ಅಂತ. ಹಳೇದು ಸವೆಯೋ ಮೊದಲೇ ಹೊಸದು ಕೊಳ್ಳೋದು ಒಳ್ಳೇದು ಅಂತಲೂ ವಾದಿಸಿದ್ರು. ಮನೆಯೇ ಹೆಣ್ಣಿನ ಕ್ಷೇತ್ರ ಅಂದ ಆಕೆ ಸ್ವತಃ ಊರೂರು ಸುತ್ತಿ ಭಾಷಣ ಮಾಡಿದವರು. 1912ರಲ್ಲಿ ನ್ಯೂಯಾರ್ಕ್‌ನಲ್ಲಿ ಜಾಹೀರಾತು ಕ್ಷೇತ್ರದ ಹೆಂಗಸರ ಸಂಘ ಕಟ್ಟೋದ್ರಲ್ಲೂ ಮುಂದಿದ್ರು.

ಹಾಗಂತ ಆಕೆಯನ್ನ ತಳ್ಳಿಹಾಕಬೇಕಾ? ಬೇಡ. ಯಾರ ಕಣ್ಣಿಗೂ ಬೀಳದ ಕೆಲಸವನ್ನ ಕಾಗದದ ಮೇಲೆ ಕಾಣೋ ಹಾಗೆ ಮಾಡಿದ್ರು, ಆ ವಿದ್ಯೆ ನಮಗೆ ಬೇಕು. 'ಇನ್ನೂ ಬೇಗ ಹೇಗೆ ಮಾಡ್ಲಿ' ಅಂತ ಅಮ್ಮನನ್ನೇ ಕೇಳೋಕೆ ಅಲ್ಲ, 'ಇದರಲ್ಲಿ ನನ್ನ ಪಾಲೆಷ್ಟು' ಅಂತ ನಾವು ಕೇಳ್ಕೊಳ್ಳೋಕೆ.

ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಅಡುಗೆಮನೆಯ ನಕ್ಷೆ ಬರೆದು, ಒಂದು ಹೊತ್ತಿನ ಊಟದ ಓಡಾಟ ಗುರುತು ಮಾಡಿ. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಣ್ಣ. ಎಷ್ಟು ಬಣ್ಣ ಬಂತು ಅಂತ ಕಾಮೆಂಟ್‌ನಲ್ಲಿ ಹಾಕಿ. ಹುಡುಗರೇ, ನೀವಂತೂ ತಪ್ಪಿಸ್ಕೊಬೇಡಿ 🙂

#ಅಡುಗೆಮನೆಸರಣಿ #ಕ್ರಿಸ್ಟೀನ್‌ಫ್ರೆಡ್ರಿಕ್ #ಯಾರಹೆಜ್ಜೆ