ಮದುವೆ ವಿಡಿಯೋ ಒಂದೇ ಪೆನ್‌ಡ್ರೈವ್‌ನಲ್ಲಿ ಇದೆಯಾ?

ನಮ್ಮ ಸಂಡೂರು ಕಡೆ ಈಗ ಮದುವೆ ಆಲ್ಬಂ ಜೊತೆ ಒಂದು ಪೆನ್‌ಡ್ರೈವ್ ಕೈಗಿಡುತ್ತಾರೆ. ಅದು ಸೀದಾ ಬೀರುವಿಗೆ ಹೋಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ವಿಡಿಯೋ ಉಳಿದೇ ಉಳಿಯುತ್ತದೆ ಅನ್ನುವ ಹಾಗಿಲ್ಲ. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಎಸ್‌ಎಸ್‌ಡಿ ಮೂರೂ ವಿದ್ಯುತ್ ಚಾರ್ಜಿನ ರೂಪದಲ್ಲಿ ಚಿತ್ರ ಹಿಡಿದಿಡುತ್ತವೆ. ಬಳಸದೆ ಇಟ್ಟರೆ ಆ ಚಾರ್ಜ್ ಮೆಲ್ಲಗೆ ಸೋರುತ್ತದೆ, ಬಿಸಿಗೆ ಇನ್ನೂ ಬೇಗ. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ.

ಮನೆಯಲ್ಲಿ ಇಡಲು ನನ್ನ ಓಟು ಹಾರ್ಡ್‌ಡಿಸ್ಕ್‌ಗೆ, 1 ಟಿಬಿ ಸಾಕು. ಒಳಗೆ ತಟ್ಟೆ ತಿರುಗುವುದರಿಂದ ಕೆಳಗೆ ಬಿದ್ದರೆ ಕೆಡಬಹುದು, ಊರೂರು ಒಯ್ಯಬೇಡಿ. ಒಯ್ಯಲು, ಒಟಿಜಿ ಹಚ್ಚಿ ಫೋನಿನಲ್ಲಿ ನೋಡಲು ಪೆನ್‌ಡ್ರೈವ್ ಇರಲಿ. ಫ್ಯಾಟ್32 ಫಾರ್ಮ್ಯಾಟ್ ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯದು, ಎಕ್ಸ್‌ಫ್ಯಾಟ್ ಮಾಡಿಸಿ. ಕೆಲವು ಹಳೇ ಟಿವಿ ಅದನ್ನು ಓದುವುದಿಲ್ಲ, ಮೊದಲು ಹಚ್ಚಿ ನೋಡಿ. ಇನ್ನೂರು ಮುನ್ನೂರು ರೂಪಾಯಿಗೆ 1 ಟಿಬಿ ಕಾರ್ಡ್ ಅಂದರೆ ನಂಬಲೇಬೇಡಿ. ಫೋನಿಗೆ ಸುಳ್ಳು ಲೆಕ್ಕ ತೋರಿಸುತ್ತದೆ, ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳು. ಗೂಗಲ್ ಫೋಟೋಸ್ ಕೂಡ 2021ರ ಜೂನ್‌ನಿಂದ ಲೆಕ್ಕ ಹಿಡಿಯುತ್ತಿದೆ. ಉಚಿತ ಜಾಗ 15 ಜಿಬಿ, ಅದರಲ್ಲೇ ಜಿಮೇಲ್ ಕೂಡ.

ಇಷ್ಟೆಲ್ಲ ಯಾಕೆ? ನಿಮ್ಮ ಹಳೇ ಮದುವೆ ಫೋಟೋದ ಹಿಂದೆ ಕಾಣುವ ಗುಡ್ಡ ನೋಡಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ತಡೆಯುವ ಹೊತ್ತಿಗೆ ಎಷ್ಟೋ ಗುಡ್ಡಗಳ ಆಕಾರವೇ ಬದಲಾಗಿತ್ತು. ಮೊದಲು ಅವು ಹೇಗಿದ್ದವು ಅನ್ನುವುದಕ್ಕೆ ಸರ್ಕಾರಿ ನಕ್ಷೆಗಿಂತ ಇಂಥ ಮನೆ ಫೋಟೋಗಳೇ ಹತ್ತಿರದ ಸಾಕ್ಷಿ.

ಎರಡನೇ ಪ್ರತಿಯನ್ನು ಅದೇ ಬೀರುವಿನಲ್ಲಿ ಇಡಬೇಡಿ. ಹೊಸಪೇಟೆಯಲ್ಲೋ ಕೂಡ್ಲಿಗಿಯಲ್ಲೋ ಇರುವ ತಂಗಿ ಮನೆಯಲ್ಲಿರಲಿ. ಹಬ್ಬಕ್ಕೆ ಹೋದಾಗ ಒಮ್ಮೆ ಹಚ್ಚಿ ನೋಡಿ ಬನ್ನಿ.