ಚಿಪ್ಪಿಕಲ್ಲಿನ ಲೆಕ್ಕ, ನೊರೆಯ ಲೆಕ್ಕ

ಬೆಳ್ಳಂದೂರು ಅಂದ ಕೂಡಲೇ ಯಾರಿಗಾದರೂ ನೆನಪಾಗೋದು ಎರಡು. ಒಂದು ಟ್ರಾಫಿಕ್ಕು, ಇನ್ನೊಂದು ಕೆರೆಯ ನೊರೆ. ಟ್ರಾಫಿಕ್ಕಿನ ಬಗ್ಗೆ ನಾವೆಲ್ಲ ಸಾಕಷ್ಟು ಬರೆದು ಕೈ ತೊಳೆದುಕೊಂಡಾಗಿದೆ, ಅದನ್ನ ಬಿಡಿ. ಇವತ್ತು ನೊರೆಯ ನೆಪದಲ್ಲಿ ಇಲ್ಲಿಂದ 400 ಚಿಲ್ಲರೆ ಕಿಲೋಮೀಟರ್ ದೂರದ ಇನ್ನೊಂದು ನೀರಿನ ಬಗ್ಗೆ ಹೇಳಬೇಕು ಅನ್ನಿಸಿದೆ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆ. ಎರಡಕ್ಕೂ ಏನು ಸಂಬಂಧ ಅಂತೀರಾ? ಒಂದನ್ನು ಹಾಳಾಗುವ ಮೊದಲೇ ಲೆಕ್ಕ ಹಾಕಿದರು, ಇನ್ನೊಂದನ್ನು ಹಾಳಾದ ಮೇಲೆ. ಸಂಬಂಧ ಇಷ್ಟೇ. ಆದರೆ ಇದು ಸಣ್ಣ ವಿಷಯ ಅಲ್ಲ.

ಮೊದಲು ನಮ್ಮೂರಿನದೇ ನೋಡೋಣ. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ. 2018ರ ಜನವರಿಯಲ್ಲಂತೂ ಸೈನಿಕರೇ ಬಂದು ಆರಿಸಬೇಕಾಯಿತು. ನೀರಿಗೆ ಬೆಂಕಿ ಹತ್ತುವ ಊರು ಅಂತ ಪ್ರಪಂಚದ ಪೇಪರುಗಳಲ್ಲೆಲ್ಲ ಬಂತು. ಆಮೇಲೆ ವಿಜ್ಞಾನಿಗಳು ಬಂದರು, ಸಮಿತಿ ಬಂತು, ಹಸಿರು ನ್ಯಾಯಮಂಡಳಿ ದಂಡ ಹಾಕಿತು, ಹೂಳೆತ್ತುವ ಟೆಂಡರ್ ಬಂತು. ಅಷ್ಟರಲ್ಲಿ ಕೆರೆ ನಂಬಿ ಬದುಕುತ್ತಿದ್ದ ಮೀನುಗಾರರು, ಸೊಪ್ಪು ಬೆಳೆಯುವವರು, ಅಗಸರು ಎಲ್ಲಿಗೆ ಹೋದರೋ. ಅವರು ಎಷ್ಟು ಜನ ಇದ್ದರು, ವರ್ಷಕ್ಕೆ ಎಷ್ಟು ದುಡಿಯುತ್ತಿದ್ದರು ಅಂತ ಕೆರೆ ಚೆನ್ನಾಗಿದ್ದ ಕಾಲದಲ್ಲೇ ಯಾರಾದರೂ ಬರೆದಿಟ್ಟು, ಪ್ರತಿ ಅಪಾರ್ಟ್‌ಮೆಂಟಿನ ಫೈಲಿಗೂ ಲಗತ್ತಿಸಿದ್ದರೆ ಕಥೆ ಬೇರೆ ಆಗುತ್ತಿತ್ತೇನೋ.

ಈಗ ಅಘನಾಶಿನಿಗೆ ಬನ್ನಿ. ಶಿರಸಿಯ ಹತ್ತಿರ ಹುಟ್ಟಿ ಸುಮಾರು 120 ಕಿ.ಮೀ. ಹರಿದು ತದಡಿಯ ಹತ್ತಿರ ಸಮುದ್ರ ಸೇರುವ ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿ, ಬೇಸಿಗೆಯಲ್ಲಿ ಹೆಚ್ಚುಕಮ್ಮಿ ಸಮುದ್ರದಷ್ಟೇ ಉಪ್ಪು. ಈ ಏರಿಳಿತದಲ್ಲೇ ಬೆಳೆಯೋದು ಬೆಳಚು, ಕಲವ ಮುಂತಾದ ಚಿಪ್ಪಿಕಲ್ಲುಗಳು. ಇಳಿತದ ಹೊತ್ತಿಗೆ ನೀರಿಗಿಳಿದು ಕೈಯಿಂದಲೇ ಬಾಚಿ ಬುಟ್ಟಿ ತುಂಬುವ ಹೆಂಗಸರು, ಗಂಡಸರು. ಪಕ್ಕದಲ್ಲಿ ಗಜನಿ ಗದ್ದೆಗಳು, ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪು.

ಇಂಥ ಜಾಗದಲ್ಲಿ, ತದಡಿಯಲ್ಲಿ, 2000ದ ದಶಕದ ನಡುವೆ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾವ ಬಂತು. ಜನ ವಿರೋಧಿಸಿದರು. ಆ ಹೊತ್ತಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಟಿ.ವಿ. ರಾಮಚಂದ್ರ, ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಸುಭಾಷ್‌ಚಂದ್ರನ್, ಸಂಶೋಧಕ ಭೂಮಿನಾಥನ್ ಇವರೆಲ್ಲ ಸೇರಿ ಒಂದು ವಿಚಿತ್ರ ಕೆಲಸ ಮಾಡಿದರು. ಚಿಪ್ಪಿಕಲ್ಲಿಗೆ ಬೆಲೆ ಕಟ್ಟಿದರು! ಅವರ 2008ರ ವರದಿಯ ಪ್ರಕಾರ ಅಳಿವೆಯಿಂದ ವರ್ಷಕ್ಕೆ 22,006 ಟನ್ ಚಿಪ್ಪಿಕಲ್ಲು ಸಿಗುತ್ತಿತ್ತು, ಬೆಲೆ 5.78 ಕೋಟಿ ರೂಪಾಯಿ, ಕೆಲಸ ಸಿಕ್ಕವರು 2,347 ಜನ.

ನನ್ನಂಥ ಕಂಪ್ಯೂಟರ್ ಕುಟ್ಟುವವನಿಗೆ ಈ ಲೆಕ್ಕ ನೋಡಿದ ಕೂಡಲೇ ಭಾಗಿಸಿ ನೋಡುವ ಚಟ. ತಲೆಗೆ ವರ್ಷಕ್ಕೆ ಸುಮಾರು 24,600 ರೂಪಾಯಿ. ನಮ್ಮ ಹೊರವರ್ತುಲ ರಸ್ತೆಯ ಲೆಕ್ಕದಲ್ಲಿ ಇದೇನು ಅಲ್ಲ. ಇಡೀ 5.78 ಕೋಟಿಯನ್ನು ಇಲ್ಲಿನ ಒಂದು ದೊಡ್ಡ ಟೆಕ್ ಪಾರ್ಕು ಸಂಬಳದಲ್ಲೇ ಒಂದೆರಡು ದಿನದಲ್ಲಿ ಮುಗಿಸುತ್ತೆ. ಅರ್ಥಶಾಸ್ತ್ರದವರು ಒಬ್ಬರೇ ಕೂತು ತೀರ್ಪು ಕೊಟ್ಟಿದ್ದರೆ ಸ್ಥಾವರವೇ ಗೆಲ್ಲುತ್ತಿತ್ತು.

ಆದರೆ ಪಕ್ಕದಲ್ಲಿ ಜೀವಶಾಸ್ತ್ರದವರು ಕೂತಿದ್ದಾರೆ ನೋಡಿ. ಅವರು ಹೇಳೋದು: ಈ ದುಡ್ಡಿಗೆ ಬಂಡವಾಳ ಇಲ್ಲ, ಬೀಜ ಗೊಬ್ಬರ ಇಲ್ಲ, ಮಿತಿಯಲ್ಲಿ ತೆಗೆದರೆ ಪ್ರತಿವರ್ಷ ತಾನಾಗೇ ಬರುತ್ತೆ. ಪರಿಸರ ವಿಜ್ಞಾನದವರು ಹೇಳೋದು: ಬರಬೇಕಾದರೆ ನದಿಯ ಸಿಹಿನೀರು, ಸಮುದ್ರದ ಉಪ್ಪುನೀರು, ದಡದ ಕಾಂಡ್ಲಾ ಕಾಡು ಮೂರೂ ಹೀಗೇ ಇರಬೇಕು. ಆಗ ಅರ್ಥಶಾಸ್ತ್ರದವರು ತಮ್ಮ ಸಾಲನ್ನು ತಿದ್ದಿಕೊಳ್ಳುತ್ತಾರೆ: ಇದು ಒಂದು ಸಲ ಸಿಗುವ 5.78 ಕೋಟಿ ಅಲ್ಲ, ಬೇರೆ ದಾರಿ ಕಡಿಮೆ ಇರುವ ಮನೆಗಳಿಗೆ ವರ್ಷಾ ವರ್ಷ ಸಿಗುವ ಅನ್ನ. ಮೂರು ವಿಷಯದವರು ಒಂದೇ ಮೇಜಿನಲ್ಲಿ ಕೂತಾಗ ಮಾತ್ರ ಹುಟ್ಟುವ ವಾಕ್ಯ ಇದು. ಒಬ್ಬೊಬ್ಬರೇ ಬರೆದರೆ ಒಂದು ಮೂರು ಜರ್ನಲ್ಲುಗಳಲ್ಲಿ ಮೂರು ಲೇಖನ ಆಗುತ್ತೆ, ಅಷ್ಟೆ.

ಪುರಾವೆ ಬೇಕಾದರೆ 30 ಕಿ.ಮೀ. ಆಸುಪಾಸಿನಲ್ಲೇ ಶರಾವತಿ ಇದೆ. ಒಂದೇ ಕರಾವಳಿ, ಒಂದೇ ಮಳೆ. ಆದರೆ 1964ರಲ್ಲಿ ಲಿಂಗನಮಕ್ಕಿ ಬಂತು, ಆಮೇಲೆ ಗೇರುಸೊಪ್ಪದ ಅಣೆಕಟ್ಟೂ ಬಂತು. ಕರೆಂಟು ತೆಗೆದ ನೀರು ಬೇಸಿಗೆಯಲ್ಲೂ ಹರಿದು ಬರೋದರಿಂದ ಅಳಿವೆಯಲ್ಲಿ ಉಪ್ಪೇ ಏರೋದಿಲ್ಲ. ಹಾಗಾಗಿ ಚಿಪ್ಪಿಕಲ್ಲು ತೀರಾ ಕಡಿಮೆಯಾಗಿದೆ. ಸಾಫ್ಟ್‌ವೇರಿನಲ್ಲಿ ನಾವು ಒಂದೇ ಪ್ರೋಗ್ರಾಮಿನ ಎರಡು ಆವೃತ್ತಿ ಓಡಿಸಿ ಹೋಲಿಸುತ್ತೇವಲ್ಲ, ಇಲ್ಲಿ ಎರಡು ನದಿಗಳೇ ಆ ಕೆಲಸ ಮಾಡಿಕೊಟ್ಟಿವೆ. ನಮ್ಮ ಮನೆಯ ಬಲ್ಬು ಉರಿಯೋದಕ್ಕೆ ಹೊನ್ನಾವರದ ಚಿಪ್ಪಿ ತೆಗೆಯುವವರು ಕೊಟ್ಟ ಬೆಲೆ ಯಾವ ಕರೆಂಟ್ ಬಿಲ್ಲಿನಲ್ಲೂ ಬರೋದಿಲ್ಲ. ಅಣೆಕಟ್ಟು ಕಟ್ಟುವಾಗ ಆ ಸಾಲನ್ನು ಬರೆಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

"ಪ್ರಕೃತಿಗೆ ರೂಪಾಯಿಯಲ್ಲಿ ಬೆಲೆ ಕಟ್ಟೋದೇ ತಪ್ಪು, ಬೆಲೆ ಕಟ್ಟಿದರೆ ಮಾರಾಟಕ್ಕಿಟ್ಟ ಹಾಗೆ" ಅಂತ ಕೆಲವು ಗೆಳೆಯರು ಹೇಳುತ್ತಾರೆ. ಮಾತು ಚೆಂದ, ಒಪ್ಪಲೂ ಬಹುದು. ಆದರೆ ಡೇಟಾಬೇಸ್ ಜೊತೆ ಏಗಿದವರಿಗೆ ಒಂದು ಸಂಗತಿ ಗೊತ್ತು. ಖಾಲಿ ಬಿಟ್ಟ ಜಾಗ ಬೇರೆ, ಸೊನ್ನೆ ಬೇರೆ. ಖಾಲಿ ಅಂದರೆ 'ಗೊತ್ತಿಲ್ಲ' ಅಂತ, ಸೊನ್ನೆ ಅಂದರೆ 'ಏನೂ ಇಲ್ಲ' ಅಂತ. ಮೊತ್ತ ಕೂಡಿಸುವಾಗ ಮಾತ್ರ ಎರಡೂ ಒಂದೇ ಆಗಿಬಿಡುತ್ತವೆ! ಸರ್ಕಾರಿ ಫೈಲಿನಲ್ಲಿ ಆಗೋದೂ ಅದೇ. ಚಿಪ್ಪಿಕಲ್ಲಿನ ಮುಂದೆ ಸಂಖ್ಯೆ ಬರೆಯದಿದ್ದರೆ ಅದನ್ನು ಅಮೂಲ್ಯ ಅಂತ ಯಾರೂ ಓದೋದಿಲ್ಲ, ಸೊನ್ನೆ ಅಂತಲೇ ಓದುತ್ತಾರೆ. ಇದೇ ತಂಡ ನಮ್ಮ ಪಕ್ಕದ ವರ್ತೂರು ಕೆರೆಯ ಬೆಲೆಯನ್ನೂ ಲೆಕ್ಕ ಹಾಕಿತ್ತು. ಅಷ್ಟೊತ್ತಿಗೆ ಕೆರೆ ಕೊಳೆತಾಗಿತ್ತು. ಸುಸ್ಥಿತಿಯಲ್ಲಿದ್ದ ರಾಚೇನಹಳ್ಳಿ ಕೆರೆಗೆ ಹೋಲಿಸಿದರೆ ಅದರಿಂದ ಜನಕ್ಕೆ ಸಿಗುತ್ತಿದ್ದದ್ದು ಒಂದು ಸಣ್ಣ ಪಾಲು ಮಾತ್ರ.

ತದಡಿಗೆ ಆ ಸ್ಥಾವರ ಬರಲಿಲ್ಲ. ವರದಿಯೊಂದೇ ತಡೆಯಿತು ಅಂತ ನಾನು ಹೇಳೋದಿಲ್ಲ, ತಡೆದದ್ದು ಜನ. ಆದರೆ ಜನರ ಕೈಯಲ್ಲಿ ಒಂದು ಸಂಖ್ಯೆ ಇತ್ತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ ಸೇರಿತು. ಆಗ ಸರ್ಕಾರವೇ ಹೇಳಿದ ಪ್ರಕಾರ 6,000ದಿಂದ 7,500 ಕುಟುಂಬಗಳು ಇದನ್ನು ನಂಬಿವೆ. ಎಣಿಸುವ ಅಭ್ಯಾಸ ದಿಲ್ಲಿಯವರೆಗೂ ಹೋಯಿತಲ್ಲ, ಸಂತೋಷ.

ಹಾಗಂತ ಕಥೆ ಸುಖಾಂತ ಅಲ್ಲ. ಹೊನ್ನಾವರದ ಕಾಸರಕೋಡು, ಅಂಕೋಲೆಯ ಕೇಣಿ ಎರಡೂ ಕಡೆ ಬಂದರು ಯೋಜನೆಗಳ ವಿರುದ್ಧ ಮೀನುಗಾರರು ಬೀದಿಗಿಳಿದಿದ್ದಾರೆ. ಕಾಸರಕೋಡಿನ ಮರಳಿನಲ್ಲಿ ಕಡಲಾಮೆ ಮೊಟ್ಟೆ ಇಡುತ್ತೆ, ಅದೇ ಮರಳಿನಲ್ಲಿ ಹೆಂಗಸರು ಮೀನು ಒಣಗಿಸುತ್ತಾರೆ. ಇಂಥ ಯೋಜನೆಗಳ ಪರಿಣಾಮ ವರದಿ ಬರೆಯೋರು ಯಾರು? ಯೋಜನೆ ಮಾಡುವವರೇ ದುಡ್ಡು ಕೊಟ್ಟು ನೇಮಿಸಿದ ಸಲಹೆಗಾರರು. ಅಳತೆ ಮಾಡೋದು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನಲ್ಲಿ. ಮಳೆಗಾಲವನ್ನೇ ಬಿಟ್ಟು ಅಳಿವೆಯನ್ನು ಅಳೆಯೋದು ಅಂದರೆ ರಾತ್ರಿಯನ್ನು ಬಿಟ್ಟು ದಿನದ ಉಷ್ಣಾಂಶ ಅಳೆದ ಹಾಗೆ.

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ನಾಗರಬಾವಿಯಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇದೆ. ಮಲ್ಲೇಶ್ವರದ ಪಕ್ಕದಲ್ಲೇ ವಿಜ್ಞಾನ ಸಂಸ್ಥೆ ಇದೆ. ಮೂರೂ ನಮ್ಮ ರಾಜ್ಯದಲ್ಲೇ ಇವೆ, ನಮ್ಮ ತೆರಿಗೆಯಲ್ಲೇ ನಡೆಯುತ್ತವೆ. ನಾನು ಕೇಳೋದು ಇಷ್ಟೇ. ಮೂವರನ್ನೂ ಸೇರಿಸಿ, ಯೋಜನೆ ಬಂದಾಗ ಅಲ್ಲ, ಪ್ರತಿವರ್ಷ, ಮಳೆಗಾಲವೂ ಸೇರಿದಂತೆ ಅಳಿವೆಗಳನ್ನು ಎಣಿಸಲಿ. 2008ರ ಸಂಖ್ಯೆಯನ್ನೇ ಇಟ್ಟುಕೊಂಡು ಇನ್ನೆಷ್ಟು ವರ್ಷ ವಾದ ಮಾಡೋದು? ಆ ಎಣಿಕೆ ಕನ್ನಡದಲ್ಲಿ ಬರಲಿ, ತದಡಿಯ ಬೆಳಚು ಮಾರುವ ಅಮ್ಮನ ಮಗಳು ಓದಿ ಅಹವಾಲು ಸಭೆಯಲ್ಲಿ ಎದ್ದು ನಿಂತು ಹೇಳುವ ಹಾಗಿರಲಿ. ಸಾರಾಂಶವೊಂದನ್ನು ಕನ್ನಡದಲ್ಲಿ ಕೊಟ್ಟು ನೂರಾರು ಪುಟ ಇಂಗ್ಲಿಷಿನಲ್ಲಿ ಇಟ್ಟರೆ ಅದು ಅಹವಾಲು ಕೇಳುವ ರೀತಿ ಅಲ್ಲ.

ಇದರ ಖರ್ಚೆಷ್ಟು ಅಂತ ಕೇಳುವವರಿಗೆ: ಕೆಲವು ಸಂಶೋಧಕರ ಸಂಬಳ, ಒಂದೆರಡು ದೋಣಿ, ಉಪ್ಪು ಅಳೆಯುವ ಉಪಕರಣ. ಬೆಳ್ಳಂದೂರು ಕೆರೆಯ ಹೂಳೆತ್ತುವ ಬಿಲ್ಲಿನ ಮುಂದೆ ಇದು ಟೀ ಕಾಫಿ ಖರ್ಚು :-)

ಕೊನೇದಾಗಿ ಒಂದು ಮಾತು. ನಮ್ಮ ಕೆರೆಯ ನೀರು ವರ್ತೂರಿಗೆ ಹೋಗಿ, ದಕ್ಷಿಣ ಪಿನಾಕಿನಿ ಸೇರಿ, ಹೊಸೂರಿನ ಮೇಲೆ ಹಾದು ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಸೇರುತ್ತೆ. ಅಂದರೆ ನಮ್ಮ ವಾಷಿಂಗ್ ಮೆಷಿನ್ನಿನ ನೀರಿಗೂ ಒಂದು ಅಳಿವೆ ಇದೆ, ಅಲ್ಲೂ ಬಲೆ ಬೀಸುವವರು ಇದ್ದಾರೆ. ಅವರ ಲೆಕ್ಕದಲ್ಲಿ ನಮ್ಮ ಸಾಲು ಯಾವುದು, ಅದನ್ನು ಬರೆಯೋರು ಯಾರು?

ನೀವೇನಂತೀರಿ? ನಿಮ್ಮೂರಿನ ಹೊಳೆ, ಕೆರೆ, ಅಳಿವೆಯನ್ನು ಯಾರಾದರೂ ಎಣಿಸಿದ್ದರೆ ದಯವಿಟ್ಟು ಹೇಳಿ.