ಚಿತ್ತಭ್ರಮೆಗೆ ಪರಿಚಿತ ವೈದ್ಯರ ಆಸರೆ

ಚಿತ್ತಭ್ರಮೆ ಎಂದೊಡನೆ ಚೆನ್ನೈಯ ಜನರಿಗೆ ನೆನಪಾಗುವುದು ಕಿಲ್ಪಾಕ್. 1794ರಲ್ಲಿ ಮದರಾಸಿನಲ್ಲಿ ಆರಂಭವಾಗಿ 1871ರಲ್ಲಿ ಅಲ್ಲಿಗೆ ಬಂದ ಆ ಸರಕಾರಿ ಆಸ್ಪತ್ರೆಯ ಹೆಸರೆತ್ತಲೂ ಅನೇಕರು ಅಂಜುವರು. ಅಂಜಿಕೆಯಲ್ಲಿ ತಿಂಗಳುಗಳು ಕಳೆದು ರೋಗವು ಬೇರೂರುತ್ತದೆ. ಇನ್ನು ಕೆಲವರು ರೋಗಿಯನ್ನು ಕಟ್ಟಿಹಾಕುವರು. 2001ರ ಆಗಸ್ಟ್ 6ರಂದು ರಾಮನಾಥಪುರ ಜಿಲ್ಲೆಯ ಏರ್ವಾಡಿಯ ಬೆಂಕಿಯಲ್ಲಿ 28 ರೋಗಿಗಳು ಮಡಿದರು. ಸಂಕೋಲೆಯಿದ್ದುದರಿಂದ ಅವರು ಓಡಲಾರದೆ ಹೋದರು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಸರಪಳಿಯನ್ನು ನಿಷೇಧಿಸಿದೆ.

ಬೇರೆ ದಾರಿಯುಂಟೆಂಬುದನ್ನು ಬಳ್ಳಾರಿಯು ತೋರಿಸಿಕೊಟ್ಟಿತು. 1985ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೇ ತರಬೇತಿಯನ್ನಿತ್ತು, ಮನೋರೋಗಿಗಳಿಗೆ ಊರ ಸಮೀಪದಲ್ಲಿಯೇ ಔಷಧವು ದೊರೆಯುವಂತೆ ಮಾಡಿತು. 1996ರಲ್ಲಿ ಕೇಂದ್ರ ಸರಕಾರವು ಇತರ ಜಿಲ್ಲೆಗಳಲ್ಲಿ ಆರಂಭಿಸಿದ ಯೋಜನೆಗೆ ಅದೇ ಮಾದರಿಯಾಯಿತು.

ಹಾಗಾದರೆ ನಮ್ಮ ಬೀದಿಯ ಡಾಕ್ಟರರು ಮಾಡಬಹುದಾದುದೇನು? ಮೊದಲನೆಯದಾಗಿ, ಜ್ವರ, ಥೈರಾಯ್ಡ್ ದೋಷ, ಕುಡಿತವನ್ನು ಹಠಾತ್ತನೆ ಬಿಟ್ಟುದು, ಇವುಗಳಿಂದಲೂ ಬುದ್ಧಿ ಕೆಡಬಹುದು. ಅದನ್ನು ಅವರು ಪರೀಕ್ಷಿಸಬೇಕು. ಎರಡನೆಯದಾಗಿ, ವಿಳಂಬಿಸದೆ ತಜ್ಞರಲ್ಲಿಗೆ ಪತ್ರ ಕೊಟ್ಟು ಕಳುಹಿಸಬೇಕು. ಮೂರನೆಯದೇ ಮುಖ್ಯವಾದುದು. ಮಾತ್ರೆಯಿಂದ ನಿದ್ರೆ ಮರಳಿ, ಕಿವಿಯೊಳಗಿನ ದನಿಗಳು ಅಡಗಿದ ಮೇಲೆ, ಗುಣವಾಯಿತೆಂದು ರೋಗಿಯು ಔಷಧವನ್ನು ಬಿಡುವನು. ಕೆಲವು ತಿಂಗಳಲ್ಲಿ ರೋಗವು ಮರುಕಳಿಸುವುದು. ಅವನ ಮೇಲೆ ಕಣ್ಣಿಡಲು ದೂರದ ತಜ್ಞರಿಗಿಂತ ನೆರೆಯ ವೈದ್ಯರಿಗೆ ಅನುಕೂಲ ಹೆಚ್ಚು. ಕೆಲವು ಮಾತ್ರೆಗಳಿಂದ ತೂಕವೂ ರಕ್ತದ ಸಕ್ಕರೆಯೂ ಏರುವುದುಂಟು. ಅದನ್ನೂ ಅವರೇ ನೋಡಿಕೊಳ್ಳಬಹುದು.

ಹೋಟೆಲಿನ ಕೋಣೆಯಲ್ಲಿ ಮಲಗುವ ಹುಡುಗನ ತಾಯಿತಂದೆಯರು ಕುಂದಾಪುರದಲ್ಲೋ ಉಡುಪಿಯಲ್ಲೋ ಇರುವರು. ಅವನು ನಾಲ್ಕಾರು ರಾತ್ರಿ ನಿದ್ರಿಸದೆ, ತನ್ನಷ್ಟಕ್ಕೆ ನಗುತ್ತ, ಊಟಕ್ಕೆ ವಿಷ ಬೆರೆಸಿದ್ದಾರೆಂದು ಸಂಗಡಿಗರನ್ನು ಶಂಕಿಸಿದರೆ, ಲೆಕ್ಕ ಚುಕ್ತಾ ಮಾಡಿ ರೈಲು ಹತ್ತಿಸುವ ವಾಡಿಕೆಯು ಹೋಟೆಲು ನಡೆಸಿದ ನಮಗೆ ತಿಳಿಯದ್ದಲ್ಲ. ಅದರಿಂದ ಹುಡುಗನಿಗೆ ಚಿಕಿತ್ಸೆಯೂ ತಪ್ಪುವುದು, ಅನ್ನವೂ ತಪ್ಪುವುದು.

ಆದುದರಿಂದ ಮಾಲಿಕ ಬಾಂಧವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಅಂಥವನನ್ನು ಅದೇ ದಿನ ಪರಿಚಿತ ವೈದ್ಯರಲ್ಲಿಗೆ ಕರೆದೊಯ್ಯಿರಿ, ಮನೆಯವರಿಗೆ ತಿಳಿಸಿರಿ. ಮಾತ್ರೆಯಿಂದ ಮಂಪರು ಬರುವುದಾದ್ದರಿಂದ ಕೆಲವು ಕಾಲ ಒಲೆಯ ಕೆಲಸವನ್ನೂ ರಾತ್ರಿಪಾಳಿಯನ್ನೂ ತಪ್ಪಿಸಿರಿ. ಅವನ ಕೆಲಸವನ್ನು ಎರಡು ತಿಂಗಳಾದರೂ ಕಾದಿರಿಸಿರಿ. ವೈದ್ಯರು ಸಿಗದ ಹೊತ್ತಿನಲ್ಲಿ ಸರಕಾರದ ಟೆಲಿಮಾನಸ್ ದೂರವಾಣಿ 14416 ಹಗಲಿರುಳೂ ಉಚಿತವಾಗಿ ಸಲಹೆ ನೀಡುವುದು. ಈ ಸಂಖ್ಯೆಯನ್ನು ಗಲ್ಲಾಪೆಟ್ಟಿಗೆಯ ಬಳಿ ಬರೆದು ಅಂಟಿಸಿದರೆ ಒಳಿತು.